ಇಳಿಯಬೇಡಿ ಎಂದವನು

ಮುಂದಿನ ಸಾಲಿನಲ್ಲಿ ಕೂತ ಮೇಲ್ವಿಚಾರಕ ತರಬೇತಿಯ ಮೊದಲ ದಿನವೇ ಅವಳನ್ನು ಕೆಣಕಿದ್ದ. ಸರ್ಕಾರಿ ಮೇಲ್ವಿಚಾರಕರಿಗೆ ಕಾರ್ಮಿಕ ಕಾಯ್ದೆ ಹೇಳಿಕೊಡಲು ಬಂದ ವಕೀಲೆ ಅವಳು. ಜೀವಕ್ಕೆ ಅಪಾಯವಿರುವ ಕೆಲಸವನ್ನು ನೌಕರ ಒಲ್ಲೆ ಎನ್ನಬಹುದು, ಅದಕ್ಕಾಗಿ ಅವನನ್ನು ಶಿಕ್ಷಿಸುವಂತಿಲ್ಲ ಎಂದು ವಿವರಿಸುತ್ತಿದ್ದಳು. ಅವನು ಕೈಯೆತ್ತಿ, "ಮೇಡಂ, ಇದು ನಮ್ಮ ಸಾಹೇಬ್ರಿಗೂ ಗೊತ್ತಾ?" ಎಂದ.

ಕೋಣೆಯೆಲ್ಲ ನಕ್ಕಿತು. ಅವಳೂ ತುಟಿ ಕಚ್ಚಿ ನಗು ತಡೆದಳು. ಹಿಂದಿನ ಬಾಗಿಲಲ್ಲಿ ನಿಂತಿದ್ದ ಆ ಸಾಹೇಬರು, ಮುಖ್ಯ ಇಂಜಿನಿಯರ್, ಮಾತ್ರ ನಗಲಿಲ್ಲ. ಅವರು ಯಾವಾಗ ಬಂದರೋ ಯಾರಿಗೂ ಗೊತ್ತಾಗಿರಲಿಲ್ಲ.

ಅಂದಿನಿಂದ ಟೀ ಹೊತ್ತಿಗೆ ಅವನು ಅವಳ ಪಕ್ಕದಲ್ಲೇ ಇರುತ್ತಿದ್ದ. ತನ್ನದು ಒಳಚರಂಡಿ ವಿಭಾಗ, ಹತ್ತಿರ ನಿಂತರೆ ವಾಸನೆ ಬಂದೀತು ಎನ್ನುತ್ತಿದ್ದ. ಸೋಪಿನ ವಾಸನೆ ಬಿಟ್ಟರೆ ಬೇರೇನೂ ಇಲ್ಲವಲ್ಲ ಎಂದು ಅವಳು ಓರೆಗಣ್ಣಲ್ಲಿ ನೋಡಿದರೆ ಅವನ ಕಿವಿ ಕೆಂಪಾಗುತ್ತಿತ್ತು. ಆ ಸಾಹೇಬರನ್ನು ಎದುರು ಹಾಕಿಕೊಂಡವರು ಇಲಾಖೆಯಲ್ಲಿ ಉಳಿದಿಲ್ಲ, ಹುಷಾರು ಎಂದು ಮನೆಯಲ್ಲಿ ಅಕ್ಕ ಎಚ್ಚರಿಸಿದಳು. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ.

ಕೊನೆಯ ದಿನ ಅವನ ಕುರ್ಚಿ ಖಾಲಿಯಿತ್ತು. ಪಂಪ್‌ಹೌಸಿನ ಚರಂಡಿ ಬಾವಿಯಲ್ಲಿ ವಿಷಗಾಳಿ ತುಂಬಿದೆಯಂತೆ, ಆದರೂ ಆಳುಗಳನ್ನು ಇಳಿಸು ಎಂದು ಸಾಹೇಬರ ಹಟವಂತೆ, ಇವನು ಅಡ್ಡ ನಿಂತಿದ್ದಾನಂತೆ ಎಂದು ಯಾರೋ ಪಿಸುಗುಟ್ಟಿದರು. ಅವಳು ಪಾಠ ಅರ್ಧಕ್ಕೇ ಬಿಟ್ಟು ಪಂಪ್‌ಹೌಸಿಗೆ ಓಡಿದಳು.

ಬಾವಿಯ ಕಟ್ಟೆಗೆ ಬೆನ್ನು ಕೊಟ್ಟು ಅವನು ನಿಂತಿದ್ದ. ಆಳುಗಳು ಗೋಡೆಗೆ ಒರಗಿ ನೆಲ ನೋಡುತ್ತಿದ್ದರು.

"ಇದನ್ನೆಲ್ಲ ನಿಂಗೆ ಹೇಳ್ಕೊಟ್ಟಿದ್ದು ಯಾರು?" ಇಂಜಿನಿಯರ್ ದನಿ ಏರಿಸಲೇ ಇಲ್ಲ. ಅದಕ್ಕೇ ಅವಳಿಗೆ ಹೆಚ್ಚು ಭಯವಾಯಿತು.

ಅವನು ಅವಳನ್ನು ಕಂಡ. ಕಂಡೂ ಕಾಣದವನಂತೆ ಮುಖ ತಿರುಗಿಸಿದ. "ಯಾರೂ ಇಲ್ಲ ಸರ್. ನಂಗೇ ಗೊತ್ತಿತ್ತು."

ಹೊರಟುಹೋಗು ಎನ್ನುತ್ತಿದ್ದಾನೆ ಎಂದು ಅವಳಿಗೆ ತಿಳಿಯಿತು. ಹೋಗಲಿಲ್ಲ. ನೇರ ನಡೆದು ಅವನ ಪಕ್ಕದಲ್ಲಿ ನಿಂತಳು.

"ನಾನು ಹೇಳ್ಕೊಟ್ಟೆ. ಅವ್ರು ಮಾಡ್ತಿರೋದು ಸರಿಯಾಗೇ ಇದೆ."

ಇಂಜಿನಿಯರ್ ಇಬ್ಬರನ್ನೂ ಗುರುತಿಟ್ಟುಕೊಳ್ಳುವವರಂತೆ ನಿಧಾನವಾಗಿ ನೋಡಿದರು. ಆಮೇಲೆ, ನೋಡ್ಕೋತೀನಿ ಎಂದಷ್ಟೇ ಹೇಳಿ ಕಾರಿನತ್ತ ಹೋದರು. ಅಂದು ಬಾವಿಗೆ ಯಾರೂ ಇಳಿಯಲಿಲ್ಲ.

"ಯಾಕೆ ಬಂದ್ರಿ?" ಅವನು ಅವಳತ್ತ ತಿರುಗಿದ. "ಇನ್ಮೇಲೆ ನಿಮ್ಗೆ ಯಾವ ಆಫೀಸಲ್ಲೂ ಕೆಲಸ ಕೊಡಲ್ಲ."

"ನಿಮ್ಗೂ ಕೊಡಲ್ಲ. ಇಬ್ರೂ ಬೇರೆ ಬೇರೆ ಹೆದರ್ಕೊಂಡು ಕೂರೋ ಬದ್ಲು, ಒಟ್ಟಿಗೇ ಇರೋಣ."

ಸದಾ ತಮಾಷೆಯಾಡುವವನು ಈ ಸಲ ಬರೀ ಹೂಂ ಎಂದ.

ಗೇಟಿನಾಚೆ ಸಾಹೇಬರ ಕಾರು ಇನ್ನೂ ಹೊರಟಿರಲಿಲ್ಲ. ಕಪ್ಪು ಗಾಜಿನ ಹಿಂದೆ ಯಾರೋ ಫೋನಿನಲ್ಲಿ ಮಾತಾಡುತ್ತಿದ್ದರು. ಅವಳು ಅವನ ಕೈ ಹಿಡಿದಳು. ಇಬ್ಬರೂ ಆ ಕಾರಿನ ಪಕ್ಕದಲ್ಲೇ, ಅವಸರ ಮಾಡದೆ, ನಡೆದು ಹೋದರು.