ಎರಡು ಹನಿ ಎಳ್ಳೆಣ್ಣೆ

ಹೋದ ವರ್ಷ ಅಕ್ಕನ ಎಳ್ಳು ಎಣ್ಣೆಯ ಪರೀಕ್ಷೆಯಲ್ಲಿ ಬರೀ ಶೇಕಡಾ ಎರಡರಿಂದ ಬಿದ್ದುಹೋಗಿತ್ತು. ನೂರಕ್ಕೆ ಐವತ್ತು ಪಾಲು ಎಣ್ಣೆ ಇರಬೇಕು, ಇದ್ದದ್ದು ನಲವತ್ತೆಂಟು. ತೂಗಿ ಬರೆದ ಕೈ ತಮ್ಮನದೇ. ತಾಯಿಯಿಲ್ಲದ ಮನೆಯಲ್ಲಿ ಅವನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು, ಒಂಬತ್ತು ವರ್ಷ ಕಾಳು ಕಾಳಾಗಿ ಆರಿಸಿ ಮಾಡಿದ ತಳಿ ಅದು. ಈ ಸಲವೂ ಬಿದ್ದರೆ ಒಪ್ಪಿಗೆಗೆ ಕಾದಿರುವ ತಳಿಗಳ ಪಟ್ಟಿಯಿಂದ ತೆಗೆದೇಬಿಡುತ್ತಾರೆ. ಅಯ್ಯೋ, ಕೈಕಟ್ಟಿಕೊಂಡು ನೋಡುವುದಾದರೂ ಹೇಗೆ!

ಪ್ರಯೋಗಾಲಯದಲ್ಲಿ ಎಲ್ಲರೂ ಅವನನ್ನು ಎಣ್ಣೆಯಣ್ಣ ಎನ್ನುತ್ತಿದ್ದರು. ಗ್ಲಾಸು ಮುಟ್ಟದ ಮನುಷ್ಯನಿಗೆ ಎಂಥ ಹೆಸರು ನೋಡಿ! ಬೀಜದ ಪುಡಿಯನ್ನು ಕಾಗದದ ಕೊಳವೆಗೆ ತುಂಬಿ, ಕೆಳಗಿನ ಫ್ಲಾಸ್ಕಿನಲ್ಲಿ ದ್ರಾವಕ ಕಾಯಿಸುವುದು ಅವನ ಕೆಲಸ. ಆವಿ ಮೇಲೇರಿ, ತಣಿದು, ಪುಡಿಯ ಮೇಲೆ ಸುರಿದು, ಎಣ್ಣೆಯನ್ನು ತೊಳೆದುಕೊಂಡು ಕೆಳಗಿಳಿಯುತ್ತದೆ. ಆಮೇಲೆ ದ್ರಾವಕವನ್ನು ಆರಿಸಿಬಿಟ್ಟರೆ ಉಳಿಯುವುದು ಎಣ್ಣೆ. ಒಟ್ಟು ತೂಕದಲ್ಲಿ ಖಾಲಿ ಫ್ಲಾಸ್ಕಿನ ತೂಕ ಕಳೆದರೆ ಉತ್ತರ. ಇಪ್ಪತ್ತು ವರ್ಷದಲ್ಲಿ ಒಬ್ಬರಿಂದಲೂ ಬೆರಳು ತೋರಿಸಿಕೊಂಡವನಲ್ಲ.

ಅವನು ಹೂಡಿದ ಉಪಾಯ ಇಷ್ಟೇ: ಖಾಲಿ ತೂಕ ಬರೆದಾದ ಮೇಲೆ, ದ್ರಾವಕ ಸುರಿಯುವ ಮುಂಚೆ, ಫ್ಲಾಸ್ಕಿಗೆ ಎರಡು ಹನಿ ಎಣ್ಣೆ. ಎರಡು ಗ್ರಾಂ ಪುಡಿಗೆ ಅದು ಎರಡೂವರೆ ಶೇಕಡಾ. ಎಣ್ಣೆಯೂ ಹೊರಗಿನದಲ್ಲ, ಹೋದ ವರ್ಷ ಅಕ್ಕನ ಎಳ್ಳಿನಿಂದಲೇ ತೆಗೆದು ಎತ್ತಿಟ್ಟದ್ದು. ಯಾರು ಪರೀಕ್ಷಿಸಿದರೂ ಜಾತಿ ಬೇರೆ ಎನ್ನುವಂತಿಲ್ಲ. ಪೊಟ್ಟಣಗಳ ಮೇಲೆ ಹೆಸರಿರುವುದಿಲ್ಲ, ಬರೀ ಸಂಖ್ಯೆ. ಆದರೆ ಪ್ರಯೋಗಾಲಯದ ಮುಖ್ಯಸ್ಥೆ ಮೇಡಂ ಸಹಿ ಹಾಕಿಸಿಕೊಳ್ಳುವಾಗ, ಯಾವ ಸಂಖ್ಯೆ ಯಾರದೆಂದು ಬರೆದಿಟ್ಟ ಅವರ ಪುಸ್ತಕದ ಪುಟವನ್ನು ತಲೆಕೆಳಗಾಗಿಯೇ ಓದಿಕೊಂಡ. ಪುಟದ ತುಂಬ ಎಂಟು ಸಾಲು. ಅಕ್ಕನ ಪೊಟ್ಟಣದ ಸಂಖ್ಯೆ ನಾಲ್ಕು. ಅವಳು ತನ್ನ ಅಕ್ಕನೆಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಪರೀಕ್ಷೆಯ ಹಿಂದಿನ ದಿನ ಅಕ್ಕ ಫೋನ್ ಮಾಡಿದ್ದಳು. "ಲೋ, ನನಗೋಸ್ಕರ ಏನೇನೋ ಮಾಡೋಕೆ ಹೋಗ್ಬೇಡ. ಈ ಸಲ ಕಾಳು ಚೆನ್ನಾಗಿ ತುಂಬಿದೆ, ಆಗುತ್ತೆ ಬಿಡು."

ಪಾಪ, ಇವಳಿಗೇನು ಗೊತ್ತು ಎಂದುಕೊಂಡ. ಮರುದಿನ ನಾಲ್ಕರ ಫ್ಲಾಸ್ಕಿಗೆ ಎರಡು ಹನಿ ಬಿಟ್ಟು, ದ್ರಾವಕ ಸುರಿದ.

ಮೂರನೆಯ ದಿನ ಮೇಡಂ ಕರೆದರು. "ನಾಲ್ಕಕ್ಕೂ ಒಂಬತ್ತಕ್ಕೂ ಎರಡೂವರೆ ವ್ಯತ್ಯಾಸ. ನಿಮ್ಮ ಕೈಯಂತೂ ತಪ್ಪಲ್ಲ. ಆಯಮ್ಮ ಬೆರಕೆ ಬೀಜ ಕಳಿಸಿದಾರೆ, ಅಷ್ಟೇ. ತಳಿ ರದ್ದು ಮಾಡ್ತಿದೀನಿ."

"ಮೇಡಂ... ತಪ್ಪು ನಂದು. ನಾನೇ ಎಣ್ಣೆ ಹಾಕ್ದೆ."

"ಸುಮ್ನಿರಿ ಎಣ್ಣೆಯಣ್ಣ! ಯಾರೋ ಹೆಂಗಸಿನ ಮೇಲೆ ಕನಿಕರ ಅಂತ ಇಪ್ಪತ್ತು ವರ್ಷದ ಹೆಸರು ಕೆಡಿಸ್ಕೋತೀರಾ?"

ಸಹಿ ಬಿದ್ದೇಬಿಟ್ಟಿತು. ಅವನು ಪುಸ್ತಕವನ್ನೇ ನೋಡುತ್ತ ನಿಂತ. ಅಂದು ಅವನು ಮಗುಚಿ ನೋಡದ ಪುಟದ ಹಿಂಬದಿಯಲ್ಲಿ ಇದ್ದದ್ದು ಒಂದೇ ಸಾಲು: ಒಂಬತ್ತು, ತಾಳೆ ನೋಡಲು, ನಾಲ್ಕರದೇ ಬೀಜ. ಅದರ ಮುಂದೆ, ಯಾರದೋ ಎಂದುಕೊಂಡು ಅವನೇ ಪ್ರಾಮಾಣಿಕವಾಗಿ ತೂಗಿಕೊಟ್ಟ ಅಂಕಿ, ಐವತ್ತು ಪಾಯಿಂಟ್ ಎರಡು.