ಹಾಲಿಲ್ಲದ ತಿಂಗಳು

"ಖೋ!"

ಬೆನ್ನಿಗೆ ಏಟು ಬಿದ್ದದ್ದೇ ತಡ, ಜಯಾ ಚಂಗನೆ ಎದ್ದು ಓಡಿದಳು. ಕಂಬದ ಹತ್ತಿರ ಹೋಗುವಷ್ಟರಲ್ಲಿ ಅವಳ ಎಡಗಾಲಿನ ಮೀನಖಂಡ ಕಲ್ಲಿನಂತೆ ಗಟ್ಟಿಯಾಯಿತು. "ಅಯ್ಯಪ್ಪಾ!" ಎಂದು ಮಣ್ಣಿನಲ್ಲೇ ಕುಸಿದು ಕುಳಿತಳು.

ಪಿ.ಟಿ. ಮಾಸ್ತರು ಮಾರೆಣ್ಣ ಸೀಟಿಯನ್ನು ಬಾಯಲ್ಲಿಟ್ಟುಕೊಂಡೇ ಓಡಿ ಬಂದರು.

"ಮತ್ತ ಕಾಲು ಹಿಡೀತಾ? ವೀರಬಸಿ, ಆಕಿ ಹೆಬ್ಬೆರಳು ಹಿಡದು ಪಾದ ಮ್ಯಾಲಕ್ಕ ಬಗ್ಗಸು."

ವೀರಬಸಮ್ಮ ಟೀಮಿನ ಕ್ಯಾಪ್ಟನ್. ಹತ್ತಿ ವ್ಯಾಪಾರಿ ಚನ್ನಬಸಯ್ಯನವರ ಮಗಳು, ಜಯಾಳ ಜೀವದ ಗೆಳತಿ. ಆದರೆ ಕಾಲು ಬಗ್ಗಿಸುವಾಗ ಗೆಳತಿ ಎಂದು ದಯೆ ತೋರಿಸಲಿಲ್ಲ. ಜಯಾ ಹಲ್ಲು ಕಚ್ಚಿ ತಡೆದುಕೊಂಡಳು.

"ನಿನ್ನೆ ಪ್ರಾಕ್ಟೀಸ್ ಆದಮ್ಯಾಲೆ ಏನು ಕುಡದಿ?" ಮಾಸ್ತರು ಕೇಳಿದರು.

"ನೀರು, ಸಾರ್."

"ಆಡಿದ ಅರ್ಧ ತಾಸಿನ್ಯಾಗ ದೊಡ್ಡ ಲೋಟ ಹಾಲು ಕುಡೀರಿ ಅಂತ ನಾ ಹೇಳಿಲ್ಲೇನು?"

"ಈ ತಿಂಗಳು ನಮ್ಮನ್ಯಾಗ ಹಾಲಿಲ್ಲ, ಸಾರ್."

"ಯಾಕ, ಎಮ್ಮಿ ಬತ್ತೇತೇನು?"

"ಎಮ್ಮಿ ಅಲ್ರಿ ಸಾರ್, ವ್ರತ. ಮುಂದಿನ ತಿಂಗಳು ಬ್ಯಾಳಿನೂ ಇರಂಗಿಲ್ಲ."

ಹುಡುಗಿಯರೆಲ್ಲ ಕಿಸಕ್ಕನೆ ನಕ್ಕರು. ಮಾಸ್ತರು ನಗಲಿಲ್ಲ.

"ದೇವರ ವಿಷಯದಾಗ ನಾ ಬಾಯಿ ಹಾಕಂಗಿಲ್ಲ. ಆದ್ರ ಶನಿವಾರ ಆಲೂರಿನ ಟೀಮ್ ಬರ್ತೈತಿ. ಶುಕ್ರವಾರದ ಪ್ರಾಕ್ಟೀಸ್‌ನಾಗ ಮತ್ತ ಕಾಲು ಹಿಡೀತಂದ್ರ ನಿನ್ನ ಜಾಗದಾಗ ಲಿಂಗಕ್ಕ ಆಡ್ತಾಳ. ಹಾಲಿಲ್ಲಂದ್ರ ಬ್ಯಾರೆ ಏನರ ಕುಡಿ. ಬರೇ ನೀರಿಗೆ ಕಾಲು ಕೇಳಂಗಿಲ್ಲ."

ಬದಿಯಲ್ಲಿ ಕುಳಿತಿದ್ದ ಲಿಂಗಕ್ಕ ಆಗಲೇ ರಿಬ್ಬನ್ ಬಿಗಿಮಾಡಿಕೊಳ್ಳತೊಡಗಿದಳು.

ಮನೆಗೆ ಹೋಗುವ ದಾರಿಯಲ್ಲಿ ವೀರಬಸಮ್ಮ ಪಿಸುಗುಟ್ಟಿದಳು. "ನಮ್ಮನಿಗೆ ಬಾ. ನಮ್ಮಪ್ಪ ಬಳ್ಳಾರಿಯಿಂದ ಒಂದು ಡಬ್ಬಿ ತಂದಾನ. ಹಾಲಿಗೆ ಎರಡು ಚಮಚ ಪುಡಿ ಹಾಕಿದ್ರ ಚಾಕ್ಲೇಟ್ ಕುಡದಂಗ ಇರತೈತಿ. ನಿಮ್ಮಜ್ಜಿಗೆ ಯಾರು ಹೇಳ್ತಾರ?"

ಜಯಾಳ ಬಾಯಲ್ಲಿ ನೀರೂರಿತು. ನುಂಗಿಕೊಂಡಳು.

"ಬ್ಯಾಡ. ಮನ್ಯಾಗ ಬಿಟ್ಟು ನಿಮ್ಮನ್ಯಾಗ ಕುಡದ್ರ, ಅದು ಬಿಟ್ಟಂಗ ಹ್ಯಾಂಗಾಗ್ತದ?"

"ಹಂಗಾದ್ರ ಲಿಂಗಿ ಆಡ್ತಾಳ ನೋಡು."

"ಆಕಿ ಕೂತು ಚಪ್ಪಾಳಿ ಹೊಡೀಲಿ. ಅದಕ್ಕೂ ಯಾರರ ಬೇಕಲ್ಲ."

ಹೇಳುವುದೇನೋ ಜೋರಾಗಿಯೇ ಹೇಳಿದಳು. ಜಯಾ ಅಂಥವಳೇ, ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವವಳು. ಆದರೆ ಶನಿವಾರ ಅಂಗಳದ ಹೊರಗೆ ಕುಳಿತು ನೋಡುವುದನ್ನು ನೆನೆದಾಗ ಮಾತ್ರ ಅವಳ ನಡಿಗೆ ನಿಧಾನವಾಯಿತು.

ಜಯಾಳ ಮನೆಯಲ್ಲಿ ಅಜ್ಜಿ ಸಕ್ಕೂಬಾಯಿಯ ಮಾತೇ ಮಾತು. ಅದರಲ್ಲೂ ಅಮ್ಮ ಬಾಣಂತನಕ್ಕೆಂದು ನಾಗಲದಿನ್ನೆಗೆ ತವರಿಗೆ ಹೋದ ಮೇಲೆ ಅಡುಗೆಮನೆ ಪೂರ್ತಿ ಅಜ್ಜಿಯದೇ. ಮಳೆಗಾಲದ ನಾಲ್ಕು ತಿಂಗಳು ಅಜ್ಜಿ ವ್ರತ ಹಿಡಿಯುತ್ತಿದ್ದಳು. ಮೊದಲ ತಿಂಗಳು ಕಾಯಿಪಲ್ಲೆ ಇಲ್ಲ. ಎರಡನೆಯ ತಿಂಗಳು ಮೊಸರಿಲ್ಲ. ಮೂರನೆಯದರಲ್ಲಿ ಕೊಂಡು ತಂದ ಮೊಸರು ಬರುತ್ತದೆ, ಹಾಲು ಹೋಗುತ್ತದೆ. ಹಾಲು ಮಾರುವ ಆಂಜನೇಯ ಈ ತಿಂಗಳು ಅವರ ಬಾಗಿಲ ಮುಂದೆ ಸೈಕಲ್ ಬೆಲ್ಲನ್ನು ಸಹ ಬಾರಿಸುತ್ತಿರಲಿಲ್ಲ.

ಅಪ್ಪ ಕೃಷ್ಣಮೂರ್ತಿ ತಾಲೂಕು ಕಚೇರಿಯಲ್ಲಿ ಗುಮಾಸ್ತ. ಕಚೇರಿಯಲ್ಲಿ ಅವನ ದನಿ ಬೀದಿಗೆ ಕೇಳಿಸುತ್ತಿತ್ತಂತೆ. ಮನೆಯಲ್ಲಿ ಮಾತ್ರ ಹಾಲಿಲ್ಲದ ಕರಿಕಾಫಿಯನ್ನು ತುಟಿ ಪಿಟಕ್ಕೆನ್ನದೆ ಕುಡಿಯುತ್ತಿದ್ದ.

ಮಂಗಳವಾರ ಜಯಾ ಬಾಟಲಿಯಲ್ಲಿ ಮಜ್ಜಿಗೆ ತುಂಬಿಕೊಂಡು ಶಾಲೆಗೆ ಹೋದಳು. ಸಂಜೆಯ ಹೊತ್ತಿಗೆ ಅದು ಹುಣಸೆಹಣ್ಣನ್ನೂ ಮೀರಿಸುವಷ್ಟು ಹುಳಿಯಾಗಿತ್ತು. ಎರಡು ಗುಟುಕಿಗೆ ಹಲ್ಲೆಲ್ಲ ಚಳಿತುಹೋದವು.

ಬುಧವಾರ ಹುರಿಗಡಲೆ ಪುಡಿಯನ್ನು ಬೆಲ್ಲದ ನೀರಿನಲ್ಲಿ ಕಲಸಿ ತಂದಳು. ಪುಡಿಯೆಲ್ಲ ತಳಕ್ಕೆ ಕೂತು ಮುದ್ದೆಯಾಯಿತು. ಬಾಟಲಿ ಬೋರಲು ಹಾಕಿದರೂ ಬೀಳಲೊಲ್ಲದು.

"ಇದನ್ನ ಕುಡೀಬೇಕೋ, ಗ್ವಾಡಿಗೆ ಬಳೀಬೇಕೋ?" ಎಂದು ಲಿಂಗಕ್ಕ ಕೇಳಿದಳು. ಜಯಾಗೂ ನಗು ತಡೆಯಲಾಗಲಿಲ್ಲ.

ಅದೇ ಸಂಜೆ ಚನ್ನಬಸಯ್ಯನವರ ಹಿತ್ತಲಲ್ಲಿ ಹೊಲದಿಂದ ಬಂದ ಶೇಂಗಾ ರಾಶಿ ಬಿದ್ದಿತ್ತು. ಗೆಳತಿಯರಿಬ್ಬರೂ ಅದರ ಪಕ್ಕದಲ್ಲಿ ಕುಳಿತು ಸುಲಿದು ತಿನ್ನುತ್ತಿದ್ದರು. ಎಳೆಯದೊಂದು ಬೀಜವನ್ನು ಜಯಾ ಉಗುರಿನಿಂದ ಒತ್ತಿದಳು. ಪಿಚಕ್ಕನೆ ಬಿಳಿ ಹನಿಯೊಂದು ಹೊರಬಂತು.

ಜಯಾ ತಿನ್ನುವುದನ್ನು ನಿಲ್ಲಿಸಿದಳು. ಇನ್ನೊಂದನ್ನು ಒತ್ತಿದಳು. ಅದರಿಂದಲೂ ಬಂತು.

"ವೀರಬಸಿ, ನಿಮ್ಮ ಒರಳು ಎಲ್ಲದ?"

"ಹಿತ್ತಲದಾಗ ಐತಿ. ಯಾಕ?"

"ಎಮ್ಮಿ ಸಿಕ್ತು ನನಗ!"

ಇಬ್ಬರೂ ಒಂದು ಬೊಗಸೆ ಶೇಂಗಾ ಸುಲಿದು ನೀರಿನಲ್ಲಿ ನೆನೆಹಾಕಿದರು. ಗುರುವಾರ ಪ್ರಾಕ್ಟೀಸ್ ಮುಗಿದದ್ದೇ ಒರಳಿನತ್ತ ಓಡಿದರು. ನೆನೆದ ಬೀಜವನ್ನು ಅಂಗೈಯಲ್ಲಿ ತಿಕ್ಕಿ ಕೆಂಪು ಸಿಪ್ಪೆ ತೆಗೆದರು. ಒಬ್ಬಳು ಗುಂಡು ತಿರುಗಿಸಿದಳು, ಇನ್ನೊಬ್ಬಳು ನೀರು ಹಾಕುತ್ತಾ ನೂಕಿದಳು. ಅರೆದದ್ದನ್ನು ತೆಳ್ಳನೆಯ ಬಟ್ಟೆಯಲ್ಲಿ ಹಾಕಿ ಹಿಂಡಿದಾಗ ಪಾತ್ರೆ ತುಂಬ ಬೆಳ್ಳಗೆ ನೊರೆನೊರೆಯಾಗಿ ಇಳಿಯಿತು. ಜಯಾ ಅದಕ್ಕೆ ಬೆಲ್ಲ ಹಾಕಿದಳು, ಚಿಟಿಕೆ ಉಪ್ಪು ಹಾಕಿದಳು. ವೀರಬಸಮ್ಮ ಅವ್ವನ ಡಬ್ಬಿಯಿಂದ ಏಲಕ್ಕಿ ಎಗರಿಸಿ ತಂದಳು.

ಒಂದೇ ಉಸಿರಿಗೆ ದೊಡ್ಡ ಲೋಟ ಖಾಲಿಯಾಯಿತು. ಹೊಟ್ಟೆ ತಣ್ಣಗಾಯಿತು.

"ಹೆಂಗೈತಿ?"

"ನಿಮ್ಮ ಡಬ್ಬಿ ಪುಡಿ ಇದರ ಮುಂದ ಸುಣ್ಣ" ಎಂದಳು ಜಯಾ. ಡಬ್ಬಿ ಪುಡಿಯ ರುಚಿಯನ್ನು ಅವಳು ನೋಡಿಯೇ ಇರಲಿಲ್ಲ, ಆ ಮಾತು ಬೇರೆ.

ಕುಣಿಯುತ್ತಾ ಮನೆಗೆ ಬಂದಾಗ ಅಜ್ಜಿ ಕಟ್ಟೆಯ ಮೇಲೆ ಬತ್ತಿ ಹೊಸೆಯುತ್ತಿದ್ದಳು. ತಲೆಯೆತ್ತಿ ಜಯಾಳ ಮುಖವನ್ನೇ ನೋಡಿದಳು. ಕೈ ನಿಂತಿತು.

"ಎಲ್ಲಿಗೆ ಹೋಗಿದ್ದಿ?"

"ವೀರಬಸಿ ಮನಿಗೆ, ಅಜ್ಜಿ!"

ಅಜ್ಜಿ ಬತ್ತಿಗಳನ್ನು ಬದಿಗಿಟ್ಟಳು. "ಹೋಗು, ಬಾಯಿ ತೊಳ್ಕೊ" ಎಂದಷ್ಟೇ ಹೇಳಿದಳು. ಅವತ್ತು ಎಲ್ಲರಿಗೂ ಬಡಿಸಿ ತಾನು ಊಟಕ್ಕೆ ಕೂರಲಿಲ್ಲ. ಹಸಿವಿಲ್ಲ ಎಂದಳು. ಮಾಸ್ತರಿಗೆ ಕಾಲು ತೋರಿಸುವ ಯೋಚನೆಯಲ್ಲಿ ಮುಳುಗಿದ್ದ ಜಯಾ ಅದನ್ನು ಅಷ್ಟಾಗಿ ತಲೆಗೆ ಹಚ್ಚಿಕೊಳ್ಳಲಿಲ್ಲ.

ಶುಕ್ರವಾರ ಮಾರೆಣ್ಣ ಮಾಸ್ತರು ಬೇಕೆಂದೇ ಜಯಾಳನ್ನು ಎಲ್ಲರಿಗಿಂತ ಹೆಚ್ಚು ಓಡಿಸಿದರು. ಅವಳು ಕಂಬ ಸುತ್ತಿದಳು, ಮೈ ಬಳುಕಿಸಿ ತಪ್ಪಿಸಿಕೊಂಡಳು, ಲಿಂಗಕ್ಕನನ್ನು ಹಾರಿ ಮುಟ್ಟಿದಳು. ಕಾಲು ಹೇಳಿದ ಮಾತು ಕೇಳಿತು.

"ಭೇಷ್! ನಾಳೆ ಮೊದಲನೇ ಬ್ಯಾಚಿನ್ಯಾಗ ನೀನ ಓಡಬೇಕು" ಎಂದರು ಮಾಸ್ತರು. "ಏನು ಕುಡದಿಯೋ, ಅದನ್ನ ಇವತ್ತೂ ಕುಡಿ."

ಹೇಳಿಸಿಕೊಳ್ಳಬೇಕೇ? ವೀರಬಸಮ್ಮನ ಹಿತ್ತಲಲ್ಲಿ ಮತ್ತೆ ಒರಳು ತಿರುಗಿತು. ಜಯಾ ಒಂದು ಲೋಟ ಕುಡಿದು, ಮಿಕ್ಕದ್ದನ್ನು ಬಾಟಲಿಗೆ ತುಂಬಿಕೊಂಡು ಮನೆಗೆ ಬಂದಳು.

ಮನೆಯ ಹಿತ್ತಲಿನಿಂದ ಹೊಗೆ ಬರುತ್ತಿತ್ತು. ಹೋಗಿ ನೋಡಿದರೆ ಬಾವಿಯ ಪಕ್ಕದಲ್ಲಿ ಇದ್ದಿಲ ಒಲೆ. ಒಲೆಯ ಮೇಲೆ ಎಂದೂ ಬಳಸದ ಹಳೆಯ ಪಾತ್ರೆ. ಪಾತ್ರೆಯಲ್ಲಿ ಹಾಲು! ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ ಒಲೆಗೆ ಗಾಳಿ ಹಾಕುತ್ತಿದ್ದಳು.

"ಅಜ್ಜಿ, ಹಾಲು! ಈ ತಿಂಗಳು..."

"ಗೊತ್ತದ, ಕೂಡು." ಅಜ್ಜಿ ಲೋಟಕ್ಕೆ ಹಾಲು ಬಗ್ಗಿಸಿದಳು. "ನಿನ್ನೆ ನೀ ಬಂದಾಗ ತುಟಿ ಮ್ಯಾಲೆ ಹಾಲಿನ ಗೆರಿ ಇತ್ತು. ಬೈಬೇಕಂತ ಬಾಯಿತನಕ ಬಂದಿತ್ತು. ಆಮ್ಯಾಲೆ ಅನಿಸ್ತು, ನನ್ನ ಮೊಮ್ಮಗಳು ಕದ್ದು ಕುಡಿಯೋ ಹಂಗ ಆತಲ್ಲ ಅಂತ. ಇವತ್ತು ಆಂಜನೇಯನ್ನ ನಾನ ಕರದೆ. ವ್ರತ ನನ್ನದು, ಕಾಲು ನಿನ್ನದು. ಕುಡಿ."

ಜಯಾಳ ಮೂಗಿನ ತುದಿಗೇ ಸಿಟ್ಟು ಬಂತು.

"ನಾ ಕದ್ದು ಕುಡಿಯಾಕಿ ಅಲ್ಲ! ಅದು ಹಾಲಲ್ಲ, ಶೇಂಗಾ! ಮೂಸಿ ನೋಡು ಬೇಕಾದ್ರ!"

ಅವಳು ಬಾಟಲಿಯ ಬಿರಡೆ ತೆಗೆದು ಮುಂದೆ ಹಿಡಿದಳು. ಅಜ್ಜಿ ಮೂಸಿದಳು. ಮತ್ತೊಮ್ಮೆ ಮೂಸಿದಳು. ಒತ್ತಿದ ಬೀಜ, ಒರಳು, ಬಟ್ಟೆ, ಎಗರಿಸಿದ ಏಲಕ್ಕಿ, ಎಲ್ಲವನ್ನೂ ಜಯಾ ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ಅಜ್ಜಿ ಮೊದಲು ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಆಮೇಲೆ ನಗು ನಿಂತಿತು.

"ನಿನ್ನ ಮ್ಯಾಲೆ ಅನುಮಾನ ಪಟ್ಟೆನಲ್ಲೇ, ಕೂಸೇ."

"ನಿನ್ನೆ ಊಟ ಬಿಟ್ಟಿದ್ದು ಅದಕ್ಕೇನು?"

ಅಜ್ಜಿ ಲೋಟವನ್ನು ಎತ್ತಿಕೊಂಡಳು. "ಇರಲಿ. ಇದನ್ನ ಆಂಜನೇಯನ ಮಗಳಿಗೆ ಕೊಟ್ಟು ಬರ್ತೀನಿ."

ಜಯಾ ಅಜ್ಜಿಯ ಮುಖ ನೋಡಿದಳು. ಹೊಗೆಗೆ ಕಣ್ಣು ಕೆಂಪಾಗಿದ್ದವು. ಮೊಣಕೈಗೆ ಬೂದಿ ಮೆತ್ತಿತ್ತು. ಹಾಲಿನ ಮೇಲೆ ದಪ್ಪನೆಯ ಕೆನೆ ಕಟ್ಟಿತ್ತು, ಸಕ್ಕರೆಯನ್ನೂ ಹಾಕಿದ್ದಳು. ಈ ಅಜ್ಜಿ ತನ್ನ ಮಗನಿಗೆ ಜ್ವರ ಬಂದಾಗಲೂ ಈ ತಿಂಗಳಲ್ಲಿ ಹಾಲನ್ನು ಹೊಸ್ತಿಲು ದಾಟಿಸಿದವಳಲ್ಲ. ಅಪ್ಪನೇ ಅದನ್ನು ಎಷ್ಟೋ ಸಲ ಹೇಳಿದ್ದ.

"ಕೊಡಬ್ಯಾಡ. ನಾ ಕುಡೀತೀನಿ."

"ನೀನೂ ಬಿಟ್ಟಿದ್ದಿಯಲ್ಲೇ?"

"ಬಿಟ್ಟಿದ್ದೆ. ನೀನ ಕಾಸಿದ ಮ್ಯಾಲೆ ಹ್ಯಾಂಗ ಬಿಡ್ಲಿ?"

ಜಯಾಳ ಹೊಟ್ಟೆಯಲ್ಲಿ ಶೇಂಗಾ ಹಾಲಿಗೇ ಜಾಗ ಸಾಲದಾಗಿತ್ತು. ಆದರೂ ಬಾವಿಯ ಕಟ್ಟೆಯ ಮೇಲೆ ಕುಳಿತು ಒಂದೊಂದೇ ಗುಟುಕು ಕುಡಿದಳು. ಅಜ್ಜಿ ಎದುರಿಗೆ ಕುಳಿತು ಪ್ರತಿ ಗುಟುಕನ್ನೂ ನೋಡಿದಳು. ಹಾಲು ಬಿಡುವುದು ಅಜ್ಜಿಗೆ ಎಂದೂ ಕಷ್ಟವಾಗಿರಲಿಲ್ಲ, ಇವತ್ತು ಕಾಸುವುದೇ ಕಷ್ಟವಾಗಿರಬೇಕು ಎಂದು ಜಯಾಗೆ ಅನ್ನಿಸಿತು. ತಳದಲ್ಲಿದ್ದ ಸಕ್ಕರೆಯನ್ನೂ ಬಿಡದೆ ಕುಡಿದು ಲೋಟ ಕೆಳಗಿಟ್ಟಳು.

"ಹಾಲು ಮುಟ್ಟೀನಿ, ನಾ ಇನ್ನ ತಲಿಮ್ಯಾಲೆ ನೀರು ಹಾಕ್ಕೊಂಡು ದೇವರ ಮುಂದ ದೀಪ ಹಚ್ಚಬೇಕು" ಎನ್ನುತ್ತಾ ಅಜ್ಜಿ ಮೊಣಕಾಲು ಹಿಡಿದುಕೊಂಡು ಎದ್ದಳು.

ಜಯಾ ಅಷ್ಟರಲ್ಲಿ ಬಾವಿಗೆ ಕೊಡ ಇಳಿಬಿಟ್ಟಿದ್ದಳು.

"ಬಿಡು, ನಾ ಸೇದ್ಕೋತೀನಿ. ನಾಳೆ ಮ್ಯಾಚ್ ಅದ, ಕೈ ನೋಯಿಸ್ಕೋಬ್ಯಾಡ."

"ಖೋಖೋ ಆಡೋದು ಕಾಲಿನ್ಯಾಗ, ಅಜ್ಜಿ" ಎಂದಳು ಜಯಾ. ತುಂಬಿದ ಕೊಡವನ್ನು ಮೇಲಕ್ಕೆಳೆದು ಹಂಡೆಗೆ ಸುರಿದಳು. ಇನ್ನೊಂದು ಕೊಡಕ್ಕಾಗಿ ಹಗ್ಗ ಬಿಟ್ಟಳು.