ಬ್ಯಾನಿ ಅಲ್ಲ, ವಜ್ಜಿ

ಮುಂಡರಗಿ ರಸ್ತೆಯಲ್ಲಿ ತುಂಬಿದ ಬಸ್ಸು ಓಡಿಸುತ್ತಿದ್ದ ಫಕ್ಕೀರಪ್ಪನ ಅಂಗಿಯೊಳಗಿಂದ ಹೆಣ್ಣುದನಿಯೊಂದು ಕೇಳಿತು: "ವಾಹನ ನಿಲ್ಲಿಸಿ. ಕುಳಿತಲ್ಲೇ ಇರಿ. ನಿಮಗೆ ಎದೆನೋವು ಇದೆಯೇ?"

"ಐತ್ರೀ," ಎಂದ ಫಕ್ಕೀರಪ್ಪ, ಬಸ್ಸನ್ನು ಬದಿಗೆ ಹಾಕುತ್ತ. ಕಂಡಕ್ಟರು ಅವನ ಬಳಿ ಬರುವಷ್ಟರಲ್ಲಿ ಆಂಬುಲೆನ್ಸು ಗದಗು ಬಿಟ್ಟಾಗಿತ್ತು. ದಾರಿಯ ಸಿಗ್ನಲ್ಲುಗಳು ತಾವಾಗಿಯೇ ಹಸಿರಾದವು. ಆಸ್ಪತ್ರೆಯಲ್ಲಿ ವೈದ್ಯರು ಕೈಗವಸು ತೊಟ್ಟು ಕಾದಿದ್ದರು. ತಿಂಗಳೊಪ್ಪತ್ತಿನಲ್ಲಿ ಫಕ್ಕೀರಪ್ಪ ಮತ್ತೆ ಸ್ಟಿಯರಿಂಗ್ ಹಿಡಿದ.

ಇಷ್ಟೆಲ್ಲ ಮಾಡಿದ್ದು ಹುಣಸೆಬೀಜದಷ್ಟು ದೊಡ್ಡದಾದ ಒಂದು ಬಿಲ್ಲೆ. ಕೊರಳೆಲುಬಿನ ಕೆಳಗೆ, ಚರ್ಮದಡಿ ಅದನ್ನು ಕೂರಿಸುತ್ತಿದ್ದರು. ಹೃದಯದ ಪ್ರತಿ ಮಿಡಿತದಲ್ಲೂ ಹುಟ್ಟುವ ವಿದ್ಯುತ್ತಿನ ಏರಿಳಿತವನ್ನು ಅದು ಓದುತ್ತಿತ್ತು. ರಕ್ತ ಸಿಗದೆ ಹೃದಯದ ಸ್ನಾಯು ಸಾಯತೊಡಗಿದಾಗ ಟ್ರೋಪೋನಿನ್ ಎಂಬ ಪ್ರೋಟೀನು ಹೊರಗೆ ಸೋರುತ್ತದೆ; ಅದನ್ನೂ ಪತ್ತೆ ಹಚ್ಚುತ್ತಿತ್ತು. ಎಲ್ಲ ಸರಿಯಿದ್ದರೆ ಚರ್ಮದ ಮೇಲೆ ಹಸಿರು ಚುಕ್ಕೆ, ಅನುಮಾನವಿದ್ದರೆ ಹಳದಿ, ಅಪಾಯವಿದ್ದರೆ ಕೆಂಪು. ಅದನ್ನು ರೂಪಿಸಿದವಳು ಗದಗಿನವಳೇ ಆದ ವೈಜಯಂತಿ ಕಟಗೇರಿ.

ಹಳದಿಯಲ್ಲೇ ತೊಡಕಿತ್ತು. ಪ್ರೋಟೀನು ಏರಲು ಗಂಟೆಗಳೇ ಬೇಕು, ಅಷ್ಟು ಹೊತ್ತು ಕಾದರೆ ಹೃದಯ ಉಳಿಯುವುದಿಲ್ಲ. ಬರೀ ವಿದ್ಯುತ್ತನ್ನೇ ನಂಬಿದರೆ ಯಂತ್ರ ತೋಳ ಬಂತು ತೋಳ ಎಂದು ಕೂಗುತ್ತದೆ. ಮೊದಲ ವರ್ಷ ಹಾಗೇ ಆಯಿತು. ಮದುವೆ ಮಂಟಪದಿಂದ ಮದುಮಗನನ್ನೇ ಹೊತ್ತುಕೊಂಡು ಹೋಗಿ, ಅವನಿಗೆ ಹೆದರಿಕೆಯ ಹೊರತು ಬೇರೇನೂ ಇಲ್ಲವೆಂದು ವಾಪಸು ಕಳಿಸಿದರು. ಜನ ಬೈದರು. ಆಗ ವೈಜಯಂತಿ ಒಂದು ಉಪಾಯ ಹೂಡಿದಳು. ಅನುಮಾನ ಬಂದಾಗ ಬಿಲ್ಲೆ ಧರಿಸಿದವರನ್ನೇ ಕೇಳಲಿ: ಎದೆನೋವು ಇದೆಯೇ? ಹೌದು ಅಂದರೆ ಕೆಂಪು, ಇಲ್ಲ ಅಂದರೆ ಮತ್ತೆ ಹಸಿರು; ಆಮೇಲೆ ಅವರೇ ಮಾತು ಬದಲಿಸುವವರೆಗೂ ಹಸಿರೇ. ತನ್ನ ಮೈ ತನಗಲ್ಲದೆ ಇನ್ನಾರಿಗೆ ಗೊತ್ತು ಎಂಬುದು ಅವಳ ವಾದ. ಸುಳ್ಳು ಕರೆಗಳು ನಿಂತವು. ಎಲ್ಲರಿಗೂ ಹೊಟ್ಟೆಗೆ ಹಾಲು ಹೊಯ್ದಂತಾಯಿತು.

ಊರವರು ಅವಳಿಗೆ ಸನ್ಮಾನ ಇಟ್ಟುಕೊಂಡರು. ಸಂಜೆ ಫಕ್ಕೀರಪ್ಪನೇ ಹಾರ ಹಾಕುವುದೆಂದು ನಿಶ್ಚಯವಾಗಿತ್ತು. ಮಧ್ಯಾಹ್ನ ವೈಜಯಂತಿ ತನ್ನ ಅಕ್ಕ ಚಂಬವ್ವನ ಖಾನಾವಳಿಗೆ ಊಟಕ್ಕೆ ಬಂದಳು. ತಾಯಿ ತೀರಿಕೊಂಡ ಮೇಲೆ ಅವಳನ್ನು ಬೆಳೆಸಿ ಓದಿಸಿದವಳು ಈ ಅಕ್ಕನೇ.

ರೊಟ್ಟಿ ಮಾಡುವ ಯಂತ್ರಗಳು ಬಂದು ಎಷ್ಟೋ ಕಾಲವಾಗಿತ್ತು. ಆದರೆ ಕೈಯಿಂದ ಬಡಿದ ರೊಟ್ಟಿಯಲ್ಲದೆ ಚಂಬವ್ವನ ಗಿರಾಕಿಗಳು ಬೇರೆಯದನ್ನು ಮುಟ್ಟುತ್ತಿರಲಿಲ್ಲ. ಹಂಚಿನ ಮುಂದೆ ಕೂತ ಚಂಬವ್ವ ಬೆವರಿನಲ್ಲಿ ತೊಯ್ದು ಹೋಗಿದ್ದಳು. ನಡುನಡುವೆ ಬಡಿಯುವುದನ್ನು ನಿಲ್ಲಿಸಿ ಎಡ ರಟ್ಟೆಯನ್ನು ತಿಕ್ಕಿಕೊಳ್ಳುತ್ತಿದ್ದಳು.

"ರಟ್ಟಿ ಹಿಡದೈತೇನಕ್ಕಾ?"

"ಮುಂಜಾನಿಂದ ಬಡದೀನಲ್ಲವಾ. ಹಿಡೀದ ಏನ್ ಮಾಡತೈತಿ?"

ಅಷ್ಟರಲ್ಲಿ ಅವಳ ಕೊರಳ ಬಳಿ ಹಳದಿ ಚುಕ್ಕೆ ಮೂಡಿತು. "ನಿಮಗೆ ಎದೆನೋವು ಇದೆಯೇ?"

"ಇಲ್ಲವಾ ತಂಗಿ, ನಿನ್ನ ಕೆಲಸ ನೀ ನೋಡು," ಎಂದಳು ಚಂಬವ್ವ ಬಿಲ್ಲೆಗೆ, ಸೊಸೆಗೆ ಹೇಳುವ ಧಾಟಿಯಲ್ಲಿ. ಬಿಲ್ಲೆ ಹಸಿರಾಯಿತು. ವೈಜಯಂತಿ ನಕ್ಕಳು. ಯಂತ್ರವೇ ಒಪ್ಪಿದ ಮೇಲೆ ಚಿಂತೆಯೇಕೆ? ಬೆವರು ಒಲೆಯದು, ನೋವು ರೊಟ್ಟಿಯದು ಎಂದುಕೊಂಡು ಅವಳು ಬದನೆಕಾಯಿ ಪಲ್ಯಕ್ಕೆ ಕೈ ಹಾಕಿದಳು. ಎದುರಿಗೆ ಕೂತು ಸಂಜೆಯ ಭಾಷಣವನ್ನೂ ಒಪ್ಪಿಸತೊಡಗಿದಳು.

ಸ್ವಲ್ಪ ಹೊತ್ತಿಗೆ ಚಂಬವ್ವ ಹಿಟ್ಟಿನ ಕೈಯನ್ನು ಪರಾತದಲ್ಲೇ ಬಿಟ್ಟು ಗೋಡೆಗೆ ಒರಗಿದಳು. ಅವಳ ಗಂಡ ಈಶಪ್ಪ ಹೊರಗಿನಿಂದ ನಿಂಬೆಹಣ್ಣಿನ ಸೋಡಾ ತಂದ. "ಗ್ಯಾಸ್ ಆಗಿರತೈತಿ. ಹೊತ್ತಿಗೆ ಸರಿಯಾಗಿ ಉಣ್ಣಂಗಿಲ್ಲ ಇಕಿ," ಎಂದ. ಚಂಬವ್ವ ಎರಡು ಗುಟುಕು ಕುಡಿದು ತೇಗಿದಳು. "ಹಗರ ಆತು," ಎಂದಳು. ಮತ್ತೆ ಎರಡು ಉಸಿರಿಗೆ ಅವಳ ಮುಖ ಬೂದಿಬಣ್ಣಕ್ಕೆ ತಿರುಗಿತು.

"ಅಕ್ಕಾ, ಏನಾಗ್ಲಿಕ್ಕತ್ತೈತಿ?"

"ಎದಿ ಮ್ಯಾಲೆ ಬೀಸೋಕಲ್ಲ ಇಟ್ಟಂಗ ಆಗೈತಿ ವೈಜೂ. ಗದ್ದದ ತನಕಾ ಜಗ್ಗತೈತಿ."

ವೈಜಯಂತಿ ತಟ್ಟೆ ಸರಿಸಿ ಎದ್ದಳು. "ಮತ್ತ ಬಿಲ್ಲಿ ಕೇಳಿದಾಗ ಬ್ಯಾನಿ ಇಲ್ಲ ಅಂದೆಲ್ಲಾ!"

"ಬ್ಯಾನಿ ಅಲ್ಲವಾ ಇದು. ಬ್ಯಾನಿ ಅಂದ್ರ ಚುಚ್ಚತೈತಿ, ಹರೀತೈತಿ. ಇದು ವಜ್ಜಿ."

ವಜ್ಜಿ ಅಂದರೆ ಭಾರ. ಹೃದಯಾಘಾತ ಎಷ್ಟೋ ಸಲ ನೋವಾಗಿ ಬರುವುದಿಲ್ಲ. ಭಾರವಾಗಿ, ಬಿಗಿತವಾಗಿ, ದವಡೆಯ ಸೆಳೆತವಾಗಿ ಬರುತ್ತದೆ, ಹೆಂಗಸರಲ್ಲಿ ಸುಸ್ತು ಸಂಕಟಗಳ ವೇಷದಲ್ಲೂ ಬರುತ್ತದೆ. ಇದು ವೈಜಯಂತಿಗೆ ಗೊತ್ತಿರದ ಸಂಗತಿಯಲ್ಲ. ಅವಳು ಹುಟ್ಟಿ ಬೆಳೆದದ್ದೂ ವಜ್ಜಿ ಎನ್ನುವ ಇದೇ ಮಾತಿನ ನಡುವೆ. ಆದರೂ ಯಂತ್ರಕ್ಕೆ ಬಾಯಿ ಕೊಡುವಾಗ ಪುಸ್ತಕದ ಒಂದೇ ಒಂದು ಶಬ್ದ ಕೊಟ್ಟು ಕೂತಿದ್ದಳು.

ಆಂಬುಲೆನ್ಸಿಗೆ ಕರೆ ಮಾಡಿದಳು. ಆ ಕಡೆಯ ಹುಡುಗಿ ಸಮಾಧಾನದಿಂದಲೇ ಹೇಳಿದಳು: "ಮೇಡಂ, ಅವರ ಬಿಲ್ಲೆ ನಮಗೆ ಹಸಿರು ತೋರಿಸ್ತಿದೆ. ಕೆಂಪು ಇರೋರಿಗೆ ಮೊದಲು ಗಾಡಿ. ನಿಮ್ಮದು ಸರದಿಯಲ್ಲಿ ಇದೆ."

"ನಾನೇ ಆ ಬಿಲ್ಲೆ ಮಾಡಿದವಳು! ನಾನು ಹೇಳ್ತಿದೀನಿ, ಗಾಡಿ ಕಳಿಸು!"

"ಧರಿಸಿದವರ ಮಾತೇ ಕೊನೆ ಅಂತ ನಿಯಮ ಇದೆ ಮೇಡಂ."

ಆ ನಿಯಮವೂ ಅವಳದೇ. ತನ್ನ ಕೈಯಿಂದ ತನ್ನ ಕಣ್ಣಿಗೇ ಚುಚ್ಚಿಕೊಂಡಂತಾಯಿತು. ಈಶಪ್ಪನನ್ನು ಎದುರಿನ ಔಷಧಿ ಅಂಗಡಿಗೆ ಓಡಿಸಿ ಆಸ್ಪಿರಿನ್ ತರಿಸಿದಳು. ರಕ್ತ ಹೆಪ್ಪುಗಟ್ಟುವುದನ್ನು ಅದು ತಡೆಯುತ್ತದೆ. "ನುಂಗಬ್ಯಾಡ, ಅಗಿ," ಎಂದು ಅಕ್ಕನ ಬಾಯಿಗೆ ಹಾಕಿದಳು. ಚಂಬವ್ವ ಅಗಿಯುತ್ತಲೇ ಎದ್ದು ನಿಲ್ಲಲು ನೋಡಿದಳು.

"ದವಾಖಾನಿಗೆ ಹೋಗೂದಾದ್ರ ಸೀರಿ ಬದಲಿಸ್ತೀನಿ. ಈ ಹಿಟ್ಟಿನ ಸೀರ್ಯಾಗ ಹ್ಯಾಂಗ ಬರ್ಲಿ?"

"ಅಕ್ಕಾ, ನಿನ್ನ ಕಾಲಿಗೆ ಬೀಳ್ತೀನಿ, ಏಳಬ್ಯಾಡ! ಆ ಬಿಲ್ಲಿಗೆ ಎದೆನೋವು ಐತಿ ಅನ್ನು. ಒಂದ ಮಾತು."

"ಇರಲಾರದ್ದನ್ನ ಐತಿ ಅಂತ ಸುಳ್ಳ ಹ್ಯಾಂಗ ಹೇಳ್ಲಿ? ಪಾಪ, ಖರೇನ ಬ್ಯಾನಿ ಇದ್ದವ್ರು ಯಾರೋ ಗಾಡಿಗೆ ಕಾಯ್ತಿರ್ತಾರ."

ಈಶಪ್ಪ ಬಾಗಿಲಲ್ಲಿ ಕಂಬದಂತೆ ನಿಂತಿದ್ದ. ವೈಜಯಂತಿ ಹಿಟ್ಟು ಚೆಲ್ಲಿದ ನೆಲದ ಮೇಲೆ ಮಂಡಿಯೂರಿ ಅಕ್ಕನ ಎರಡೂ ಕೈ ಹಿಡಿದು ಅತ್ತಳು. ಸಾವಿರಾರು ಜನರಿಗೆ ನಿಜ ಹೇಳಿ ಎಂದು ಕಲಿಸಿದವಳು ಈಗ ಒಂದು ಸುಳ್ಳಿಗಾಗಿ ಅಂಗಲಾಚಿದಳು. ತಂಗಿಯ ಅಳು ನೋಡಲಾರದೆ, ಬರೀ ಅದಕ್ಕಾಗಿಯೇ, ಚಂಬವ್ವ ಕೊರಳು ಬಗ್ಗಿಸಿ ಮೆಲ್ಲಗೆ ಹೇಳಿದಳು: "ಎದೆನೋವು ಐತ್ರೀ."

ಚುಕ್ಕೆ ಕೆಂಪಾಯಿತು. ದೂರದಲ್ಲೆಲ್ಲೋ ಗಾಡಿ ಹೊರಟಿತು, ಸಿಗ್ನಲ್ಲುಗಳು ಹಸಿರಾದವು. ಆದರೆ ಅದು ಓಣಿಗೆ ತಿರುಗುವ ಮೊದಲೇ ಚಂಬವ್ವನ ತಲೆ ಪಕ್ಕಕ್ಕೆ ವಾಲಿತು. ವೈಜಯಂತಿ ಅವಳನ್ನು ನೆಲಕ್ಕೆ ಮಲಗಿಸಿ ಎದೆಯ ನಡುವೆ ಎರಡೂ ಅಂಗೈ ಇಟ್ಟು ಒತ್ತತೊಡಗಿದಳು. ನಿಂತ ಹೃದಯದ ಕೆಲಸವನ್ನು ಹೊರಗಿನಿಂದ ಮಾಡುವ ದಾರಿ ಇದೊಂದೇ. ಕೈ ಸೋತಾಗ ಈಶಪ್ಪ ಒತ್ತಿದ, ಅವನು ಸೋತಾಗ ಇವಳು. ಗಾಡಿಯವರು ಬಂದು ವಿದ್ಯುತ್ತಿನ ಆಘಾತ ಕೊಟ್ಟರು, ಮತ್ತೆ ಕೊಟ್ಟರು. ಮಿಡಿತ ಮರಳಲಿಲ್ಲ.

ಸನ್ಮಾನ ನಿಂತುಹೋಯಿತು. ವೈಜಯಂತಿ ಪ್ರಯೋಗಾಲಯಕ್ಕೆ ಮರಳಿ ಆ ಪ್ರಶ್ನೆಯನ್ನು ಕಿತ್ತು ಹಾಕಿದಳು. ಈಗ ಬಿಲ್ಲೆ, "ಏನಾಗ್ತಿದೆ, ನಿಮ್ಮ ಮಾತಿನಲ್ಲೇ ಹೇಳಿ," ಎನ್ನುತ್ತದೆ. ವಜ್ಜಿ, ಬಿಗಿ, ಉರಿ, ಕಸಿವಿಸಿ, ಗ್ಯಾಸು, ಎಲ್ಲವನ್ನೂ ಅದು ಅಪಾಯವೆಂದೇ ಎಣಿಸುತ್ತದೆ. ಸುಳ್ಳು ಕರೆಗಳು ಮತ್ತೆ ಹೆಚ್ಚಿವೆ, ಜನ ಮತ್ತೆ ಬೈಯುತ್ತಿದ್ದಾರೆ. ಅವಳು ಬೈಸಿಕೊಳ್ಳುತ್ತಾಳೆ.

ಇದನ್ನೆಲ್ಲ ಹೇಳಲು ಅವಳು ಈಶಪ್ಪನ ಬಳಿ ಬಂದಳು. ಅವನು ಕೊನೆಯವರೆಗೂ ಕೇಳಿಸಿಕೊಂಡ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಅದನ್ನೇ ಅವಳಿಗೆ ತಾಳಲಾಗಲಿಲ್ಲ.

"ಛಲೋ ಆತು ಬಿಡವಾ. ಒಂದ ಮಾತು ಕೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ. ಆ ಬಿಲ್ಲಿ ಇರಲಾರದ ಕಾಲಾಗಿದ್ರ, ನೀನೂ ನಾನೂ ಆಕಿ ಮಾರಿ ನೋಡ್ತಿದ್ವೋ ಇಲ್ಲೋ?"

ಬಿಲ್ಲೆ ಇರದ ಕಾಲ ಬಹಳ ಹಿಂದಿನದೇನಲ್ಲ. ಆಗ ಒಲೆಯ ಮುಂದೆ ಬೆವರುತ್ತ, ರಟ್ಟೆ ತಿಕ್ಕಿಕೊಳ್ಳುತ್ತ ಕೂತವರನ್ನು ಕಾಯಲು ಎದುರಿಗೆ ಕೂತು ಉಣ್ಣುವವರ ಕಣ್ಣಲ್ಲದೆ ಬೇರೇನೂ ಇರಲಿಲ್ಲ. ಆ ಕಾಲದಲ್ಲಿ ತಾನಾದರೂ ತಟ್ಟೆಯಿಂದ ತಲೆಯೆತ್ತಿ ನೋಡುತ್ತಿದ್ದಳೋ ಇಲ್ಲವೋ, ವೈಜಯಂತಿಗೆ ನೆನಪಾಗಲಿಲ್ಲ.